ಎಲ್ಲಾ ಸೀರಿ ಒಮ್ಮೆಲೆ ಬಿಚ್ಚಬ್ಯಾಡ್ರಿ

ಫೋನಿನಾಗ ಒಂದು ಸೀರಿ ಫೋಟೋ ನೋಡ್ತಿರ್ತೀರಿ. ಸೆರಗು ಹೆಂಗದ ನೋಡೂಣು ಅಂತ ಎರಡನೇ ಫೋಟೋದ ಮ್ಯಾಲೆ ಬೆರಳು ಇಡ್ತೀರಿ. ಮೊದಲನೇದ್ದು ಹೋಗ್ತದ, ಎರಡನೇದ್ದು ಬರಂಗಿಲ್ಲ. ನಡುವ ಒಂದು ಬಿಳೇ ಚೌಕ ಕೂತಿರ್ತದ. ಒಂದು ಸೆಕೆಂಡೋ, ಎರಡೋ, ಐದೋ. ಆ ಬಿಳೇ ಚೌಕ ಕಾಣಬಾರದು ಅಂತ ವೆಬ್ ಪೇಜ್ ಮಾಡೋ ನಮ್ಮಂಥಾ ಮಂದಿ ಒಂದು ಉಪಾಯ ಮಾಡ್ತೇವಿ. ನೀವು ಕೇಳೋಕಿಂತ ಮೊದ್ಲ ಆ ಫೋಟೋ ತರಿಸಿ ನಿಮ್ಮ ಫೋನಿನಾಗ ಇಟ್ಟಿರ್ತೇವಿ. ಇದಕ್ಕ ಪ್ರಿಲೋಡ್ ಅಂತಾರ.

ಕೇಳ್ಲಿಕ್ಕೆ ಭಾಳ ಛಲೋ ಅನಸ್ತದ. ಕೇಳೋಕಿಂತ ಮೊದ್ಲ ತಂದಿಡೂದು ಅಂದ್ರ ನಮ್ಮ ಕಡೆ ಅದು ಸಂಸ್ಕಾರ. ಮನಿಗೆ ಬಂದವರಿಗೆ ‘ನೀರು ಬೇಕೇನ್ರಿ’ ಅಂತ ಕೇಳಂಗಿಲ್ಲ, ತಂಬಿಗಿ ತಂದ ಇಡ್ತೇವಿ. ಆದ್ರ ತಂಬಿಗಿ ತಂದಿಡೂದು ಬ್ಯಾರೆ. ಬಾಗಲದಾಗ ನಿಲ್ಲಿಸಿ ನೀರು, ಚಹಾ, ಮಜ್ಜಿಗಿ, ಪಾನಕ, ಅವಲಕ್ಕಿ ಎಲ್ಲಾ ಕೈಯಾಗ ತುರುಕಿ, ‘ಇವೆಲ್ಲಾ ಮುಗದ ಮ್ಯಾಲೆ ಒಳಗ ಬರ್ರಿ’ ಅನ್ನೂದು ಬ್ಯಾರೆ. ನಮ್ಮ ಇಳಕಲ್ ಮೌಶಿಯ ಸೀರಿ ಪೇಜಿನಾಗ ನಡದಿದ್ದು ಈ ಎರಡನೇ ನಮೂನಿ ಉಪಚಾರ.

ಮೌಶಿ ಅಂದ್ರ ನಮ್ಮವ್ವನ ತಂಗಿ. ಇಳಕಲ್ಲಿನಾಗ ನಾಕು ಮಗ್ಗದವರಿಗೆ ನೂಲು ಕೊಟ್ಟು ಸೀರಿ ನೇಯಿಸಿ ಮಾರ್ತಾಳ. ಅಂಗಡಿ ಅಂದ್ರ ಬೋರ್ಡ್ ಹಚ್ಚಿದ ಅಂಗಡಿ ಅಲ್ಲ, ಮನಿ ಪಡಸಾಲಿನ ಅಂಗಡಿ. ಇಳಕಲ್ ಸೀರಿ ಗೊತ್ತಿದ್ದವರಿಗೆ ಹೇಳೂದು ಬ್ಯಾಡ. ಗೊತ್ತಿಲ್ಲದವರಿಗೆ ಇಷ್ಟ ಹೇಳ್ತೇನಿ: ಆ ಸೀರಿಯ ಮೈ ಒಂದು ಹಾಸು, ಸೆರಗು ಇನ್ನೊಂದು ಹಾಸು. ಎರಡನ್ನೂ ಮಗ್ಗದ ಮ್ಯಾಲೆ ಎಳಿಗೆ ಎಳಿ ಕೊಂಡಿ ಹಾಕಿ ಕೂಡಸ್ತಾರ. ಕೆಂಪು ಸೆರಗಿನ ಮ್ಯಾಲೆ ಬಿಳೇ ತೋಪ ತೆನಿ ಬರ್ತದ. ದಡಿಯೊಳಗ ಗೋಮಿ ಅಂತ ಅದ, ಗಾಡಿದಡಿ ಅಂತ ಅದ, ಚಿಕ್ಕಿ ಪರಾಸ ಅಂತ ಅದ. ಹಿಂಗಾಗಿ ಬರೇ ಮೈ ನೋಡಿ ಯಾರೂ ಇಳಕಲ್ ಸೀರಿ ತಗೋಳಂಗಿಲ್ಲ. ಮೈ ನೋಡಬೇಕು, ದಡಿ ನೋಡಬೇಕು, ಸೆರಗು ಬಿಚ್ಚಿ ನೋಡಬೇಕು.

ಎರಡು ವರ್ಷದ ಹಿಂದ ಮೌಶಿ ಒಬ್ಬರ ಕಡಿಂದ ವೆಬ್ ಪೇಜ್ ಮಾಡಿಸಿದ್ಲು. ಆಗ ಇದ್ದಿದ್ದು ಎಂಟು ಸೀರಿ, ಸೀರಿಗೆ ಮೂರು ಫೋಟೋ. ಛಲೋ ನಡೀತು. ಹುಬ್ಬಳ್ಳಿ, ಬೆಳಗಾವಿ, ಪುಣೆ, ಸೊಲ್ಲಾಪುರದಿಂದ ಫೋನ್ ಬಂದುವು. ಹುರುಪಿನಾಗ ಮೌಶಿ ಎಂಟಿದ್ದ ಸೀರಿ ನಲವತ್ತು ಮಾಡಿದ್ಲು. ಅಲ್ಲಿಂದ ಫೋನ್ ಕಡಿಮಿ ಆಗ್ತಾ ಬಂದುವು. ಸೀರಿ ಹೆಚ್ಚಾದಂಗ ಗಿರಾಕಿ ಕಡಿಮಿ ಆಗೂದು ಯಾವ ಲೆಕ್ಕ ಅಂತ ಆಕೀಗೆ ತಿಳೀಲಿಲ್ಲ.

ನಾಗರ ಪಂಚಮಿ ಒಂದೂವರೆ ತಿಂಗಳ ಇದ್ದಾಗ ನಂಗ ಫೋನ್ ಹಚ್ಚಿದ್ಲು. ಪಂಚಮಿ ಅಂದ್ರ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬರೋ ಹಬ್ಬ. ಉಂಡಿ, ಜೋಕಾಲಿ, ಸೀರಿ. ಮೌಶಿಗೆ ವರ್ಷದ ದೊಡ್ಡ ವ್ಯಾಪಾರ ಅದ. ‘ಪೇಜ್ ತಗದ್ರ ಒಂದು ಚಕ್ರ ತಿರಗ್ತದಂತ, ಮಂದಿ ಕಾದು ಕಾದು ಹೋಗ್ತಾರಂತ. ಈ ಪಂಚಮಿನೂ ಹಿಂಗ ಹೋದ್ರ ನಾಕನೇ ಮಗ್ಗಕ್ಕ ನೂಲು ಕೊಡೂದು ನಿಲ್ಲಸಬೇಕಾಗ್ತದ ನೋಡಪಾ’ ಅಂದ್ಲು. ನಾಕನೇ ಮಗ್ಗದಾತನ ಮಗ ಆಗ್ಲೇ ಗ್ರಾನೈಟ್ ಕೆಲಸಕ್ಕ ಹೋಗ್ಯಾನ. ಅಪ್ಪ ಒಬ್ಬನ ನೇಯ್ತಾನ. ಆ ಮಗ್ಗ ಒಮ್ಮೆ ನಿಂತ್ರ ಮತ್ತ ನಡ್ಯಾಂಗಿಲ್ಲ ಅನ್ನೂದು ಆಕೀಗೂ ಗೊತ್ತು, ನಂಗೂ ಗೊತ್ತು.

ಪೇಜ್ ತಗದು ಒಳಗ ನೋಡಿದೆ. ಸಂಗತಿ ಸರಳ ಇತ್ತು. ಪೇಜ್ ಸುರು ಆಗೂದ್ರಾಗ ಒಂದು ಜಾವಾಸ್ಕ್ರಿಪ್ಟ್ ಓಡಿ, ಎಲ್ಲಾ ಸೀರಿಯ ಎಲ್ಲಾ ಫೋಟೋ ತರಿಸ್ತಿತ್ತು. ಎಲ್ಲಾ ಬಂದು ಮುಟ್ಟೋ ತನಕಾ ಪರದಾ ಮ್ಯಾಲೆ ಚಕ್ರ. ಕಡೀ ಫೋಟೋ ಬಂದ ಮ್ಯಾಲೆ ಚಕ್ರ ಹೋಗಿ ಮೊದಲನೇ ಸೀರಿ ಕಾಣಸೂದು. ಆಮ್ಯಾಲೆ ಯಾವ ಫೋಟೋ ಒತ್ತಿದ್ರೂ ತಟ್ಟನ ಬರ್ತಿತ್ತು, ಬಿಳೇ ಚೌಕ ಒಮ್ಮೆನೂ ಇಲ್ಲ. ಅಲ್ಲಿ ತನಕಾ ಕೂತವರು ಇದ್ರ ಅವರಿಗೆ ಪೇಜ್ ಭಾಳ ಛಂದ ಅನಿಸಿರಬೇಕು.

ಲೆಕ್ಕಾ ಹಾಕ್ರಿ. 40 ಸೀರಿ, ಮೂರು ಮೂರು ಫೋಟೋ, 120. ಒಂದೊಂದು ಫೋಟೋ ಹೆಚ್ಚೂ ಕಡಿಮಿ 300 ಕೆಬಿ. ಒಟ್ಟು 36 ಎಂಬಿ. ಸಾಧಾರಣ ಸಿಗ್ನಲ್ ಇರೋ ಕಡೆ ಸೆಕೆಂಡಿಗೆ 4 ಮೆಗಾಬಿಟ್ ಬರ್ತದ ಅಂತ ಹಿಡದ್ರ 72 ಸೆಕೆಂಡ್. ಇಷ್ಟ ಆಗಿದ್ರೂ ಒಂದು ಮಾತು. ಸರ್ವರಿನ ದಾಖಲಿ ತಗದು ಯಾವ ಹೊತ್ತಿನಾಗ ಮಂದಿ ಬರ್ತಾರ ಅಂತ ನೋಡಿದೆ. ಭಾಳ ಮಂದಿ ಬರ್ತಿದ್ದಿದ್ದು ರಾತ್ರಿ ಒಂಬತ್ತರಿಂದ ಹನ್ನೊಂದರ ನಡುವ.

‘ಯಾಕ ಅಷ್ಟೊತ್ತಿಗೆ?’ ಅಂತ ನಾ ಅಂದಿದ್ದಕ್ಕ ನಮ್ಮಾಕಿ ಹೇಳಿದ್ಲು, ‘ಮತ್ತ ಯಾವಾಗ ನೋಡಬೇಕು? ಊಟ ಆಗಿ, ಭಾಂಡಿ ಆಗಿ, ಹಾಲಿಗೆ ಹೆಪ್ಪ ಹಾಕಿ, ಆಮ್ಯಾಲಲ್ಲ ಫೋನ್ ಕೈಯಾಗ ಬರೂದು? ಅಷ್ಟೊತ್ತಿಗೆ ಅದರಾಗಿನ ಪ್ಯಾಕ್ ನಿಮ್ಮ ಮಗ ಮುಗಸಿರ್ತಾನ.’

ಅಲ್ಲೆ ಇತ್ತು ನೋಡ್ರಿ ಗುಟ್ಟು. ದಿನದ ಪ್ಯಾಕ್ ಮುಗದ ಮ್ಯಾಲೆ ಇಂಟರ್ನೆಟ್ ಪೂರಾ ನಿಲ್ಲಂಗಿಲ್ಲ. ಭಾಳಷ್ಟು ಪ್ಯಾಕಿನಾಗ ವೇಗ 64 ಕೆಬಿಪಿಎಸ್‌ಗೆ ಇಳೀತದ. ಆ ವೇಗದಾಗ 36 ಎಂಬಿ ಬರ್ಲಿಕ್ಕೆ 4,500 ಸೆಕೆಂಡ್ ಬೇಕು. ಅಂದ್ರ ಒಂದೂ ಕಾಲು ತಾಸು. ಅಕಸ್ಮಾತ್ ಒಬ್ಬಾಕಿ ರಾತ್ರಿ ಒಂಬತ್ತೂವರೆಗೆ ಮೌಶಿಯ ಪೇಜ್ ತಗದ್ರ ಮೊದಲನೇ ಸೀರಿ ಕಾಣೋದು ಪೌಣೇ ಹನ್ನೊಂದಕ್ಕ. ಸೀರಿ ಕೊಳ್ಳೋ ಹೆಣ್ಣುಮಗಳು ಯಾರು, ಆಕಿ ಕೈಯಾಗ ಯಾವ ಫೋನು, ಯಾವ ಹೊತ್ತು ಅನ್ನೂದನ್ನ ಆ ಪೇಜ್ ಮಾಡಿದವರು ಲೆಕ್ಕಕ್ಕ ತಗೊಂಡಿರಲಿಲ್ಲ.

ನನ್ನ ಮಗ ನಡುವ ಬಾಯಿ ಹಾಕಿದಾ. ‘ಅಪ್ಪಾ, ಈಗ ಫೈವ್‌ಜಿ ಬಂದದ. ಇವೆಲ್ಲಾ ಹಳೇ ಕಾಲದ ಚಿಂತಿ.’ ನಮ್ಮಾಕಿ ತನ್ನ ಫೋನ್ ಎತ್ತಿ ತೋರಿಸಿದ್ಲು. ಮೂಲಿ ಒಡದದ್ದು, ಮೊದಲು ನಂದಿತ್ತು, ಆಮ್ಯಾಲೆ ಅವಂದು ಆತು, ಈಗ ಆಕೀದು. ‘ಹೊಸಾ ಫೋನ್ ನಿಂಗ, ಹಳೇದ್ದು ನಂಗ. ಫೈವ್‌ಜಿ ನಮ್ಮ ಕೈಗೆ ಬರೂದ್ರಾಗ ನಿಂಗ ಸೆವೆನ್‌ಜಿ ಬಂದಿರ್ತದ’ ಅಂದ್ಲು. ಅವಾ ಸುಮ್ಮನಾದಾ.

ಇದನ್ನ ಮಾಡಿದವರು ದಡ್ಡರು ಅಂತ ನಾ ಹೇಳಂಗಿಲ್ಲ. ಇದು ಹಳೇ ರೂಢಿ, ಅದಕ್ಕೊಂದು ಇತಿಹಾಸ ಅದ. ವೆಬ್ ಪೇಜಿನಾಗ ಅಕ್ಷರದ ನಡುವ ಚಿತ್ರ ಕೂಡಸೋ ಟ್ಯಾಗ್ ಮಾರ್ಕ್ ಆಂಡ್ರೀಸನ್ ಸೂಚಿಸಿದ್ದು 1993ರ ಫೆಬ್ರುವರಿಯೊಳಗ. ಆಗಿನ ಪೇಜಿನಾಗ ಚಿತ್ರ ಬಂದು ಕೂತ್ರ ಕೂತಲ್ಲೆ. 1996ರಾಗ ನೆಟ್‌ಸ್ಕೇಪ್ 3 ಬಂತು. ಜಾವಾಸ್ಕ್ರಿಪ್ಟ್‌ನಿಂದ ಒಂದು ಚಿತ್ರ ತಗದು ಅದ ಜಾಗಾಕ್ಕ ಇನ್ನೊಂದು ಹಾಕೋ ಅನುಕೂಲ ಆತು. ಮೌಸ್ ಬಟನ್ ಮ್ಯಾಲೆ ಹೋದ್ರ ಬಟನ್ ಬಣ್ಣಾ ಬದಲಾಗೂದು, ಸರದ್ರ ಮತ್ತ ಮೊದಲಿನ ಬಣ್ಣ. ಊರ ಮಂದಿಗೆ ಅದ ದೊಡ್ಡ ಚಮತ್ಕಾರ. ಆದ್ರ ಎರಡನೇ ಬಣ್ಣದ ಚಿತ್ರ ಮೊದ್ಲ ತರಿಸಿ ಇಟ್ಟಿರದಿದ್ರ ಮೌಸ್ ಬಂದು ಹೋದ ಮ್ಯಾಲೆ ಬಣ್ಣ ಬರ್ತಿತ್ತು. ಹಿಂಗಾಗಿ ಎಲ್ಲಾ ಮೊದ್ಲ ತರಿಸಿಡೋ ಪದ್ಧತಿ ಸುರು ಆತು. ಮ್ಯಾಕ್ರೋಮೀಡಿಯಾದ ಡ್ರೀಮ್‌ವೀವರ್ ಅಂತೂ ‘ಎಂಎಂ ಪ್ರಿಲೋಡ್ ಇಮೇಜಸ್’ ಅನ್ನೋ ಸೂತ್ರ ತಾನ ಬರದು ಪೇಜಿಗೆ ಹಚ್ಚಿ ಕೊಡ್ತಿತ್ತು.

ಆ ಬಟನ್ ಚಿತ್ರ ಒಂದೊಂದು ಎರಡು ಮೂರು ಕೆಬಿ. ಹತ್ತು ತರಿಸಿದ್ರೂ ಒಂದು ಮುಷ್ಟಿ. ಮುಷ್ಟಿ ಅಳತಿಯ ಅಡಗಿ ಸೂತ್ರನ ಹಂಗ ಎತ್ತಿಕೊಂಡು ಲಗ್ನದ ಹಂಡೇಕ್ಕ ಹಾಕಿದ್ರ ಏನಾಗ್ತದ? ಅದ ಇಲ್ಲೆ ಆಗಿತ್ತು. ಸೂತ್ರದಾಗ ತಪ್ಪಿಲ್ಲ, ಅಳತಿ ಬದಲಾಗಿತ್ತು.

ಇನ್ನೊಂದು ಸಂಗತಿ. ಫೋನಿಗೆ ಬರೋ ಇಂಟರ್ನೆಟ್ ಅಂದ್ರ ಓಣಿಗೆ ಒಂದ ನಳ ಇದ್ದಂಗ. ಹಳೇ ಎಚ್‌ಟಿಟಿಪಿ 1.1ರಾಗ ಬ್ರೌಸರ್ ಒಂದು ಸರ್ವರಿಗೆ ಸಾಧಾರಣ ಆರು ಸಂಪರ್ಕ ಹಿಡಕೊಂಡು ಪಾಳಿ ಹಚ್ಚತದ. ಹೊಸಾ ಎಚ್‌ಟಿಟಿಪಿ 2ರಾಗ ಒಂದ ಸಂಪರ್ಕದಾಗ ಭಾಳ ಫೋಟೋ ಒಮ್ಮೆಲೆ ಬರಬಹುದು. ಪಾಳಿ ಹೆಂಗರ ಇರ್ಲಿ, ನಳದಾಗಿನ ನೀರು ಅಷ್ಟ. 120 ಕೊಡ ಒಮ್ಮೆಲೆ ಇಟ್ರ ಎಲ್ಲಾ ಕೊಡಕ್ಕೂ ಹನಿ ಹನಿ ಬೀಳ್ತದ, ಈಗ ಕುಡೀಲಿಕ್ಕೆ ಬೇಕಾದ ಒಂದು ತಂಬಿಗಿ ತುಂಬಂಗಿಲ್ಲ. ಪ್ರಿಲೋಡ್ ಅಂದ್ರ ವೇಗ ಹೆಚ್ಚು ಮಾಡೂದಲ್ಲ, ಪಾಳಿ ಬದಲ ಮಾಡೂದು. ಒಂದನ್ನ ಮುಂದ ತಂದ್ರ ಇನ್ನೊಂದು ಹಿಂದ ಹೋಗಾಕ ಬೇಕು. ನಲವತ್ತನ್ನೂ ಮುಂದ ತರ್ತೇನಿ ಅಂದ್ರ ಯಾವುದನ್ನೂ ಮುಂದ ತಂದಂಗ ಆಗಲಿಲ್ಲ.

ಹಂಗಾದ್ರ ಯಾವುದು ಮುಂದ, ಯಾವುದು ಹಿಂದ? ಇದಕ್ಕ ಉತ್ತರ ನನ್ನ ಕಂಪ್ಯೂಟರಿನಾಗ ಇರಲಿಲ್ಲ, ಮೌಶಿಯ ಕೈಯಾಗ ಇತ್ತು.

ಅದ ವಾರ ನಮ್ಮ ಓಣಿಯೊಳಗ ಒಂದು ಲಗ್ನದ ಜವಳಿಗೆ ಅಂತ ಮೌಶಿ ಗಂಟು ಕಟಗೊಂಡು ಹುಬ್ಬಳ್ಳಿಗೆ ಬಂದ್ಲು. ನಮ್ಮ ಪಡಸಾಲಿಯೊಳಗ ಜಮಖಾನಿ ಹಾಸಿದ್ವಿ. ಆರೇಳು ಮಂದಿ ಹೆಂಗಸೂರು ಬಂದು ಕೂತ್ರು. ನಾ ಮೂಲ್ಯಾಗ ಲ್ಯಾಪ್‌ಟಾಪ್ ಇಟಗೊಂಡು ಮೌಶಿಯ ಕೈ ನೋಡಕೋತ ಕೂತೆ.

ಗಂಟಿನಾಗ ಇಪ್ಪತ್ತೈದು ಸೀರಿ ಇದ್ದುವು. ಮೌಶಿ ಒಂದ ಒಂದು ತಗದು, ಮಡಿಕಿ ಬಿಚ್ಚಿ, ಸೆರಗು ಜಮಖಾನಿ ಮ್ಯಾಲೆ ಹಾಸಿದ್ಲು. ದಾಳಿಂಬಿ ಬಣ್ಣದ ಮೈ, ಗೋಮಿ ದಡಿ. ಮಂದಿ ಅದನ್ನ ಮುಟ್ಟಿ ನೋಡೂದ್ರಾಗ ಆಕಿಯ ಎಡಗೈ ಹಿಂದ ಗಂಟಿನಾಗ ಇನ್ನೊಂದರ ಮ್ಯಾಲೆ ಇತ್ತು. ಕಣ್ಣು ಮಾತ್ರ ಎದುರಿಗೆ ಕೂತವರ ಮಾರಿ ಮ್ಯಾಲೆ. ಒಬ್ಬಾಕಿ ‘ಬಣ್ಣ ಛಲೋ ಅದ, ಆದ್ರ...’ ಅನ್ನೂದ್ರಾಗ ಎರಡನೇ ಸೀರಿ ಅರ್ಧಾ ಹೊರಗ ಬಂದಿತ್ತು. ಆಕಿ ಆದ್ರದ ಮುಂದ ‘ದಡಿ ದೊಡ್ಡದು ಬೇಕಾಗಿತ್ತು’ ಅಂದ್ಲು. ಹೊರಗ ಬಂದಿದ್ದು ಗಾಡಿದಡಿನ ಇತ್ತು.

ಎಲ್ಲಾರೂ ಹೋದ ಮ್ಯಾಲೆ ಕೇಳಿದೆ. ‘ಮೌಶಿ, ಎಲ್ಲಾ ಒಮ್ಮೆಲೆ ಯಾಕ ಹಾಸಂಗಿಲ್ಲ ನೀ? ಅವರಿಗೆ ಬೇಕಾದ್ದು ಅವರು ಆರಿಸಿಕೋತಾರ.’

‘ಹುಚ್ಚಪ್ಪಾ, ಒಮ್ಮೆಲೆ ಹಾಸಿದ್ರ ಯಾವುದೂ ಕಾಣಂಗಿಲ್ಲ. ಮಂದಿಗೆ ಕೂಡ್ಲಿಕ್ಕೆ ಜಾಗಾನೂ ಉಳಿಯಂಗಿಲ್ಲ. ಒಂದು ಬಿಚ್ಚಬೇಕು, ಎರಡನೇದರ ಮ್ಯಾಲೆ ಕೈ ಇರಬೇಕು, ಉಳದದ್ದು ಗಂಟಿನಾಗ ಇರಬೇಕು.’

ಪ್ರಿಲೋಡ್ ಬಗ್ಗೆ ನಾ ಓದಿದ್ದೆಲ್ಲಾ ಈ ಒಂದು ಮಾತಿನಾಗ ಬಂದು ಕೂತಿತ್ತು. ಪೇಜ್ ರಿಪೇರಿ ಮಾಡಿದ್ದೂ ಇದ ಮೂರು ಪಾಲಿನ ಪ್ರಕಾರ.

ಮೊದಲನೇ ಪಾಲು, ಬಿಚ್ಚಬೇಕಾದ ಒಂದು ಸೀರಿ. ಪೇಜ್ ತಗದ ಕೂಡಲೆ ಕಾಣೋ ದೊಡ್ಡ ಫೋಟೋ. ಪೇಜಿನ ದೊಡ್ಡ ಭಾಗ 2.5 ಸೆಕೆಂಡಿನೊಳಗ ಕಾಣಬೇಕು ಅನ್ನೋ ಗುರಿಯನ್ನ ಗೂಗಲ್ 2020ರಾಗ ಹಾಕಿಕೊಟ್ಟದ. ಮೌಶಿಯ ಪೇಜಿನಾಗ ಆ ಫೋಟೋ ಸಿಎಸ್ಎಸ್ ಕಡತದಾಗ ಹಿನ್ನೆಲಿ ಚಿತ್ರ ಅಂತ ಕೂತಿತ್ತು. ಬ್ರೌಸರ್ ಎಚ್‌ಟಿಎಂಎಲ್ ಓದಬೇಕಾದ್ರ ಮುಂದಿನ ಸಾಲಿನ ಮ್ಯಾಲೆ ಕಣ್ಣಾಡಿಸಿ ಯಾವ್ಯಾವ ಚಿತ್ರ ಬೇಕು ಅಂತ ಮೊದ್ಲ ಹುಡಕಿ ಇಡ್ತದ. ಆದ್ರ ಸಿಎಸ್ಎಸ್ ಒಳಗ ಅಡಗಿದ ಚಿತ್ರ ಅದಕ್ಕ ಕಾಣಂಗಿಲ್ಲ. ಸಿಎಸ್ಎಸ್ ಬಂದು, ಓದಿ, ಇದಕ್ಕೊಂದು ಚಿತ್ರ ಬೇಕು ಅಂತ ತಿಳಿಯೂದ್ರಾಗ ಹೊತ್ತು ಹೋಗಿರ್ತದ. ಅದಕ್ಕ ಆ ಫೋಟೋನ ನೇರ ಇಮೇಜ್ ಟ್ಯಾಗಿನಾಗ ತಂದು, ‘ಫೆಚ್ ಪ್ರಯಾರಿಟಿ ಹೈ’ ಅಂತ ಒಂದು ಮಾತು ಹಚ್ಚಿದೆ. ಕ್ರೋಮ್ 2022ರಿಂದ ಆ ಮಾತು ಕೇಳ್ತದ. ಹಿನ್ನೆಲಿ ಚಿತ್ರ ಅಂತ ಇಡಾಕ ಬೇಕು ಅನ್ನೋ ಪೇಜಿನಾಗ ‘ಲಿಂಕ್ ರೆಲ್ ಪ್ರಿಲೋಡ್’ ಅನ್ನೋ ಸಾಲು ತಲಿಭಾಗದಾಗ ಬರದ್ರ ಅದ ಕೆಲಸ ಆಗ್ತದ. ಕ್ರೋಮಿನಾಗ ಅದು 2016ರಿಂದ ಅದ.

ಆ ಸಾಲು ಬರೆಯೋರು ಒಂದು ನೆನಪಿಡ್ರಿ. ತರಿಸಿದ್ದೂ ಬೇಕಾದ್ದೂ ಅಕ್ಷರಕ್ಕ ಅಕ್ಷರ ಒಂದ ವಿಳಾಸ ಇರಬೇಕು. ಒಂದ ಸೀರಿಯ ಫೋಟೋ ನಾವು 480, 800, 1200 ಚುಕ್ಕಿ ಅಗಲದಾಗ ಮೂರು ನಮೂನಿ ಇಟ್ಟಿರ್ತೇವಿ, ಫೋನ್ ತನಗ ತಕ್ಕದ್ದು ಆರಿಸಿಕೋತದ. ಪ್ರಿಲೋಡ್ ಸಾಲಿನಾಗ 1200ರದ್ದು ಬರದು, ಫೋನ್ 800ರದ್ದು ಆರಿಸಿಕೊಂಡ್ರ ಎರಡೂ ಬರ್ತಾವ, ಒಂದು ದಂಡ. ‘ತರಿಸಿಟ್ಟದ್ದನ್ನ ಯಾರೂ ಬಳಸಲಿಲ್ಲ’ ಅಂತ ಕ್ರೋಮ್ ತನ್ನ ಕನ್ಸೋಲಿನಾಗ ಎಚ್ಚರಿಕಿ ಬರೀತದ. ಆ ಸಾಲಿನಾಗೂ ‘ಇಮೇಜ್ ಸೋರ್ಸ್‌ಸೆಟ್’, ‘ಇಮೇಜ್ ಸೈಜಸ್’ ಅಂತ ಅಳತಿ ಪಟ್ಟಿ ಕೊಟ್ರ ಈ ದಂಡ ತಪ್ಪತದ.

ಎರಡನೇ ಪಾಲು, ಕೈ ಇರಬೇಕಾದ ಸೀರಿ. ಮೊದಲನೇ ಫೋಟೋ ಬಂದು ಕೂತ ಮ್ಯಾಲೆ, ಫೋನ್ ಸುಮ್ಮ ಇದ್ದಾಗ, ಅದ ಸೀರಿಯ ಸೆರಗಿನ ಫೋಟೋ ಒಂದ ತರಸೂದು. ಜಾವಾಸ್ಕ್ರಿಪ್ಟಿನಾಗ ಹೊಸಾ ಇಮೇಜ್ ಅಂತ ಮಾಡಿ ಅದಕ್ಕ ವಿಳಾಸ ಕೊಟ್ರ ಸಾಕು, ಪರದಾ ಮ್ಯಾಲೆ ಕಾಣದಂಗ ಬಂದು ಕೂಡ್ತದ. 1996ರ ಉಪಾಯನ ಇದು, ಅಳತಿ ಮಾತ್ರ ಒಂದಕ್ಕ ಇಳಿಸಿದ್ದು. ಸೆರಗ ಯಾಕ, ದಡಿ ಯಾಕಲ್ಲ ಅಂದ್ರ ಮೌಶಿ ಹೇಳಿದ್ಲು, ‘ಮೈ ಹಿಡಿಸಿದಾಕಿ ಮುಂದ ಸೆರಗ ಕೇಳ್ತಾಳ. ದಡಿ ಮೈ ಫೋಟೋದಾಗ ಸ್ವಲ್ಪರ ಕಾಣಸ್ತದ, ಸೆರಗು ಕಾಣಂಗಿಲ್ಲ.’ ಕಂಪ್ಯೂಟರಿನ ಮೌಸ್ ಇದ್ರ ಅದು ಯಾವ ಸಣ್ಣ ಚಿತ್ರದ ಮ್ಯಾಲೆ ಬಂತು ಅಂತ ನೋಡಿ ಅದರ ದೊಡ್ಡ ಫೋಟೋ ತರಸಬಹುದು. ಫೋನಿನಾಗ ಮೌಸ್ ಇಲ್ಲ. ಆದ್ರ ಬೆರಳು ಗಾಜಿಗೆ ಮುಟ್ಟೂದಕ್ಕೂ ಎತ್ತೂದಕ್ಕೂ ನಡುವ ಒಂದು ಸಣ್ಣ ಕ್ಷಣ ಇರ್ತದ. ಬೆರಳು ಮುಟ್ಟಿದಾಗ ಬೇಡಿಕಿ ಕಳಸಿದ್ರ ಅಷ್ಟರ ಮುಂದ ಹೋದಂಗಾಗ್ತದ. ಮಾರಿ ನೋಡಿ ತಿಳಕೊಳ್ಳೋ ಮೌಶಿಯ ಕಣ್ಣು ನಮ್ಮ ಪೇಜಿಗೆ ಇಷ್ಟ ಅದ.

ಇಲ್ಲೆ ಇನ್ನೊಂದು ಕಷ್ಟ ಅದ. ಫೋಟೋ ಬಂದದ ಅಂದ ಮಾತ್ರಕ್ಕ ಬಿಚ್ಚೇದ ಅಂತಲ್ಲ. ಕಡತದಾಗ ಫೋಟೋ ಮಡಿಚಿದ ಸೀರಿ ಇದ್ದಂಗ ಇರ್ತದ, ಕಂಕುಳಾಗ ಹಿಡೀತದ. ಬಿಚ್ಚಿದ್ರ ಪಡಸಾಲಿ ತುಂಬ್ತದ. 1200ಕ್ಕ 1600 ಚುಕ್ಕಿಯ ಫೋಟೋ ಕಡತದಾಗ 300 ಕೆಬಿ. ಪರದಾ ಮ್ಯಾಲೆ ಹಾಸ್ಲಿಕ್ಕೆ ಬಿಚ್ಚಿದ್ರ ಒಂದು ಚುಕ್ಕಿಗೆ 4 ಬೈಟ್ ಲೆಕ್ಕದಾಗ 7.68 ಎಂಬಿ. 120ನ್ನೂ ಬಿಚ್ಚಿದ್ರ 900 ಎಂಬಿ ಮೀರ್ತದ. ನಮ್ಮಾಕಿಯ ಫೋನ್ ಅಲ್ಲೆ ಕೂತಬಿಡ್ತದ. ಅದಕ್ಕ ಎಲ್ಲಾ ಬಿಚ್ಚಬಾರದು. ಮುಂದಿನ ಒಂದನ್ನ ಮಾತ್ರ ‘ಡಿಕೋಡ್’ ಅನ್ನೋ ಕರೆ ಹಚ್ಚಿ ಬಿಚ್ಚಿಸಿ, ಅದು ಆತು ಅಂದ ಮ್ಯಾಲೆ ಹಳೇದ್ದನ್ನ ತಗೀಬೇಕು. ಹಂಗ ಮಾಡಿದ್ರ ನಡುವಿನ ಬಿಳೇ ಚೌಕ ಕಾಣಂಗಿಲ್ಲ.

ಮೂರನೇ ಪಾಲು, ಗಂಟಿನಾಗ ಇರಬೇಕಾದ್ದು. ಉಳದ ಸೀರಿಗೆಲ್ಲಾ ‘ಲೋಡಿಂಗ್ ಲೇಜಿ’ ಅಂತ ಬರದೆ. ಕ್ರೋಮಿನಾಗ 2019ರಿಂದ ಇರೋ ಅನುಕೂಲ. ಕೆಳಗ ಸರಿಸಿಕೋತ ಹತ್ತರಕ್ಕ ಬಂದಾಗ ಫೋಟೋ ಬರ್ತದ, ಬರದಿದ್ರ ಇಲ್ಲ. ಫೋಟೋದ ಅಗಲ ಎತ್ತರ ಮೊದ್ಲ ಬರದಿಟ್ರ ಜಾಗಾ ಕಾದಿರ್ತದ, ಪೇಜ್ ಮ್ಯಾಲೆ ಕೆಳಗ ಜಿಗಿಯಂಗಿಲ್ಲ. ಆ ಖಾಲಿ ಜಾಗಾದಾಗ ಬಿಳೇದರ ಬದಲಿ ಸೀರಿಯ ಬಣ್ಣ ತುಂಬೂದು ಅಂತ ಒಂದು ಪದ್ಧತಿ ಅದ. ಅದಕ್ಕಂತ ಇರೋ ತಂತ್ರಾಂಶ ಫೋಟೋದ ಎಲ್ಲಾ ಬಣ್ಣದ ಸರಾಸರಿ ತಗೀತದ. ಹಸಿರು ಮೈ, ಕೆಂಪು ದಡಿ ಕೂಡಿಸಿ ಸರಾಸರಿ ತಗದ್ರ ಮಣ್ಣ ಬಣ್ಣ. ಮೌಶಿ ನೋಡಿ, ‘ಈ ಬಣ್ಣದ ಸೀರಿ ನನ್ನ ಹತ್ರ ಇಲ್ಲ, ಯಾರರ ಇದನ್ನ ಕೇಳಿದ್ರ ಎಲ್ಲಿಂದ ತರ್ಲಿ?’ ಅಂದ್ಲು. ಸರಾಸರಿ ಬಿಟ್ಟು, ಮೈ ಬಣ್ಣ ಯಾವುದು ಅಂತ ಆಕಿಯ ಬಾಯಿಂದ ಕೇಳಿ ನಲವತ್ತಕ್ಕೂ ಬರದು ಹಾಕಿದ್ವಿ. ಖರೇ ಬಣ್ಣ ಹೇಳೋ ಖಾಲಿ ಜಾಗಾ ಸುಳ್ಳ ಬಣ್ಣಕ್ಕಿಂತ ಎಷ್ಟೋ ಪಾಡು.

ಫೋಟೋದ ತೂಕಾನೂ ಇಳಿಸಬೇಕಾಗಿತ್ತು. ಮೈ ಮತ್ತ ಸೆರಗಿನ ಫೋಟೋ ವೆಬ್‌ಪಿ ಮಾಡಿದೆ, 800 ಚುಕ್ಕಿ ಅಗಲದ್ದು 80 ಕೆಬಿ ಆಸುಪಾಸು ಬಂತು. ದಡಿ ಮಾತ್ರ ಹಂಗ ಮಾಡ್ಲಿಕ್ಕೆ ಬರಲಿಲ್ಲ. ತೂಕ ಇಳಿಸೋ ವೆಬ್‌ಪಿ ಬಣ್ಣದ ವಿವರನ ಅಗಲದಾಗ ಅರ್ಧ, ಎತ್ತರದಾಗ ಅರ್ಧ ಮಾಡ್ತದ. ಮಾರಿ, ಗಿಡ, ಆಕಾಶಕ್ಕ ಅದು ಗೊತ್ತಾಗಂಗಿಲ್ಲ. ಆದ್ರ ಕೆಂಪಿನ ಪಕ್ಕಕ್ಕ ಹಸಿರು ಒಂದ ಎಳಿ ಇರೋ ದಡಿಯೊಳಗ ಬಣ್ಣ ಒಂದರಾಗೊಂದು ಕಲಸಿ, ಮಗ್ಗದಾತ ಹತ್ತು ಬೆರಳಲೆ ಬಿಡಿಸಿಟ್ಟ ಎಳಿ ಮುದ್ದಿ ಆಗ್ತದ. ದಡಿಯ ಫೋಟೋ ಜೆಪೆಗ್‌ನಾಗ ಬಣ್ಣ ಕಡಿಮಿ ಮಾಡದಂಗ ಇಟ್ಟೆ, 140 ಕೆಬಿ. ಅದು ಭಾರ, ಹೌದು. ಅದಕ್ಕ ಅದನ್ನ ಮೊದ್ಲ ತರಸಂಗಿಲ್ಲ, ಬೇಕಂದವರಿಗೆ ಮಾತ್ರ ಬರ್ತದ.

ಈಗಿನ ಲೆಕ್ಕಾ ನೋಡ್ರಿ. ಒಬ್ಬಾಕಿ ಆರು ಸೀರಿ ನೋಡಿ, ಎರಡರ ಸೆರಗು, ದಡಿ ನೋಡಿದ್ರ ಒಂದು ಎಂಬಿ ಒಳಗ ಮುಗೀತದ. ಪ್ಯಾಕ್ ಮುಗದ ರಾತ್ರಿ, 64 ಕೆಬಿಪಿಎಸ್ ವೇಗದಾಗ, ಮೊದಲನೇ ಸೀರಿಯ ಫೋಟೋಕ್ಕ 10 ಸೆಕೆಂಡ್. 2.5 ಸೆಕೆಂಡಿನ ಗುರಿಗೆ ಅದು ದೂರನ. ಆದ್ರ ಒಂದೂ ಕಾಲು ತಾಸಿನ ಮುಂದ ಇಟ್ಟು ನೋಡ್ರಿ. ಅಷ್ಟೊತ್ತು ಆಕಿ ಸೀರಿಯ ಬಣ್ಣಾನರ ನೋಡಕೋತ ಕೂತಿರ್ತಾಳ. ಫೋನಿನಾಗ ಡೇಟಾ ಉಳಸ್ರಿ ಅಂತ ಹಚ್ಚಿಟ್ಟವರಿಗೆ ಎರಡನೇ ಪಾಲಿನ ಫೋಟೋನೂ ಮೊದ್ಲ ತರಸಂಗಿಲ್ಲ. ಕೆಲವು ಬ್ರೌಸರ್ ಈ ಸಂಗತಿಯನ್ನ ಪೇಜಿಗೆ ತಿಳಸ್ತಾವ. ತಿಳಿಸಿದ ಮ್ಯಾಲೆ ಕೇಳಬೇಕಾದ್ದು ನಮ್ಮ ಧರ್ಮ.

ಧರ್ಮ ಅನ್ನೋ ದೊಡ್ಡ ಮಾತು ಯಾಕ ಬಳಸಿದೆ ಅಂದ್ರ, ಪ್ರಿಲೋಡಿನಾಗ ಅಂದಾಜು ನಮ್ಮದು, ರೊಕ್ಕ ಇನ್ನೊಬ್ಬರದು. ನಮ್ಮ ಅಂದಾಜು ಖರೇ ಆದ್ರ ಆಕೀಗೆ ಒಂದು ಸೆಕೆಂಡ್ ಉಳೀತದ. ಸುಳ್ಳ ಆದ್ರ ಆಕಿಯ ಪ್ಯಾಕು, ಆಕಿಯ ಬ್ಯಾಟರಿ, ಆಕಿಯ ರಾತ್ರಿ ಹೋಗ್ತದ, ನಮಗ ಒಂದು ಪೈ ಹಾನಿ ಇಲ್ಲ. ಹಾನಿ ಇಲ್ಲದಾಗ ಮನುಷ್ಯಾ ಭಾಳ ಉದಾರ ಆಗ್ತಾನ. ನಮ್ಮ ಆಫೀಸಿನ ಟೇಬಲ್ ಮ್ಯಾಲೆ ವೈಫೈ, ಹೊಸಾ ಫೋನು. ಅಲ್ಲೆ ಕೂತು ನೋಡಿದ್ರ 36 ಎಂಬಿ ಕಣ್ಣು ಮುಚ್ಚಿ ತಗಿಯೂದ್ರಾಗ ಬರ್ತದ. ಅದಕ್ಕ ಈಗ ಯಾವ ಪೇಜ್ ಮಾಡಿದ್ರೂ ನಮ್ಮಾಕಿಯ ಮೂಲಿ ಒಡದ ಫೋನ್ ತಗೊಂಡು, ರಾತ್ರಿ ಹತ್ತಕ್ಕ, ಪ್ಯಾಕ್ ಮುಗದ ಮ್ಯಾಲೆ ತಗದು ನೋಡ್ತೇನಿ. ಆಕಿ ‘ಫೋನ್ ಕೊಡ್ರಿ, ನಂಗ ಬೇಕಾಗೇದ’ ಅನ್ನೋ ತನಕಾ.

ಪಂಚಮಿಗೆ ಇಪ್ಪತ್ತು ದಿನಾ ಇದ್ದಾಗ ಹೊಸಾ ಪೇಜ್ ನಡದದ್ದು. ಫೋನ್ ಮತ್ತ ಬರ್ಲಿಕ್ಕೆ ಹತ್ತಿದುವು. ಪೇಜಿನಿಂದ ಎಷ್ಟು ಬಂದುವು, ಹಬ್ಬದಿಂದ ಎಷ್ಟು ಬಂದುವು ಅಂತ ಬ್ಯಾರೆ ಮಾಡಿ ಹೇಳ್ಲಿಕ್ಕೆ ಬರಂಗಿಲ್ಲ, ಮೌಶಿನೂ ಹೇಳಂಗಿಲ್ಲ. ಆದ್ರ ರಾತ್ರಿ ಬಂದವರು ಮೊದಲನೇ ಸೀರಿ ಕಂಡ ಮ್ಯಾಲೆ ಎರಡನೇದ್ದು, ಮೂರನೇದ್ದು ನೋಡಿ ಹೋಗಿದ್ದು ಸರ್ವರಿನ ದಾಖಲಿಯೊಳಗ ಅದ. ಶ್ರಾವಣ ಮುಗಿಯೋ ತನಕಾ ನಾಕನೇ ಮಗ್ಗಕ್ಕ ನೂಲು ಹೋಗೇದ. ದೀಪಾವಳಿದ್ದು ದೀಪಾವಳಿಗೆ ನೋಡೂಣು ಅಂದಾಳ.

ಈ ಸಲ ಏಳು ಹೊಸಾ ಸೀರಿ ಪೇಜಿಗೆ ಏರಿಸಬೇಕು. ಫೋಟೋ ಎಲ್ಲಾ ಅಳತಿ ಮಾಡಿ, ಹೆಸರಿಟ್ಟು, ತಯಾರ ಮಾಡಿ ಕೂತೇನಿ. ಯಾವುದನ್ನ ಮೊದ್ಲ ಬಿಚ್ಚಬೇಕು ಅನ್ನೂದನ್ನ ಮಾತ್ರ ಮೌಶಿ ಇನ್ನೂ ಹೇಳಿಲ್ಲ. ನಾಕನೇ ಮಗ್ಗದಿಂದ ಗಿಳಿ ಹಸಿರಿನದೊಂದು ನಾಳೆ ಇಳೀತದಂತ, ಅದನ್ನ ನೋಡಿ ಹೇಳ್ತೇನಿ ಅಂದಾಳ.